ಸೋಮವಾರ ಎತ್ತು ಹೂಡುವುದಿಲ್ಲ

ಟ್ರಿಶಾ ಹರ್ಸಿಯವರ 'ರೆಸ್ಟ್ ಈಸ್ ರೆಸಿಸ್ಟೆನ್ಸ್' ಪುಸ್ತಕದ ಹೆಸರು ನಾನು ಮೊದಲು ನೋಡಿದ್ದು ಆಫೀಸಿನ ಮೇಲ್‌ನಲ್ಲಿ. ವೆಲ್‌ನೆಸ್ ವೀಕ್ ಅಂತ ವರ್ಷಕ್ಕೊಂದು ಸಲ ಬರುತ್ತಲ್ಲ, ಅದರ ಕೊನೆಯ ದಿನ, ಶುಕ್ರವಾರ ಸಂಜೆ ನಾಲ್ಕಕ್ಕೆ, ಓದಲೇಬೇಕಾದ ಐದು ಪುಸ್ತಕಗಳ ಪಟ್ಟಿ ಬಂತು. ಮೂರನೆಯದು ಇದು. ಅದೇ ರಾತ್ರಿ ನಮ್ಮ ಟೀಮಿಗೆ ಒಂದು ದೊಡ್ಡ ರಿಲೀಸ್ ಇತ್ತು. ಹನ್ನೊಂದಕ್ಕೆ ಶುರುವಾಗಿ ಒಂದಕ್ಕೆ ಮುಗಿಯಬೇಕಾಗಿದ್ದದ್ದು ಡೇಟಾಬೇಸ್ ಮೈಗ್ರೇಶನ್ ಎಲ್ಲೋ ಸಿಕ್ಕಿಹಾಕಿಕೊಂಡು ಎರಡಾದರೂ ಮುಗಿದಿರಲಿಲ್ಲ. ಕಾಯುವುದು ಬಿಟ್ಟು ಬೇರೆ ಕೆಲಸ ಇಲ್ಲ, ಹಾಗಂತ ಮಲಗುವಂತೆಯೂ ಇಲ್ಲ. ಫೋನಿನಲ್ಲೇ ಪುಸ್ತಕ ಕೊಂಡು ಓದೋಕೆ ಶುರು ಮಾಡಿದೆ. ವಿಶ್ರಾಂತಿಯೇ ಪ್ರತಿರೋಧ ಅನ್ನೋ ಪುಸ್ತಕದ ಮೊದಲ ಅರವತ್ತು ಪುಟಗಳನ್ನು ನಾನು ಓದಿದ್ದು ಹೀಗೆ, ಕಂಪನಿಗಾಗಿ ನಿದ್ದೆಗೆಟ್ಟು ಕೂತಿದ್ದಾಗ.

ಬೆಳಿಗ್ಗೆ ಟೀಮಿನ ಗ್ರೂಪಿನಲ್ಲಿ ಇದನ್ನು ಜೋಕಿನ ಹಾಗೆ ಹಾಕಿದೆ, ಎಲ್ಲರೂ ನಕ್ಕರು, ಮ್ಯಾನೇಜರ್ ಕೂಡ. ಆಮೇಲೆ ಮಾತ್ರ ಒಂದು ಅನುಮಾನ ತಲೆಯಲ್ಲಿ ಉಳಿದುಬಿಟ್ಟಿತು. ಬಂಡವಾಳಶಾಹಿಯನ್ನೂ ಬಿಳಿಯರ ಯಜಮಾನಿಕೆಯನ್ನೂ ಹೆಸರು ಹಿಡಿದು ಬೈಯುವ ಪುಸ್ತಕ ಅಷ್ಟು ಸಲೀಸಾಗಿ ಎಚ್‌ಆರ್ ಪಟ್ಟಿಯೊಳಗೆ ಹೇಗೆ ನುಸುಳಿತು? ಅದು ಎಚ್‌ಆರ್‌ನವರ ಅಜ್ಞಾನವಾ, ಇಲ್ಲ ಪುಸ್ತಕದಲ್ಲೇ ಏನಾದರೂ ಸಡಿಲ ಇದೆಯಾ?

ಮೊದಲು ಪುಸ್ತಕಕ್ಕೆ ಸಲ್ಲಬೇಕಾದ್ದು ಸಲ್ಲಲಿ. ಹರ್ಸಿ ಅಮೆರಿಕದ ಕಪ್ಪು ಸಮುದಾಯದ ಹೆಣ್ಣುಮಗಳು, ಶಿಕಾಗೋ ಕಡೆಯವರು. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದೋಕೆ ಸೇರಿದಾಗ ಮನೆ, ಮಗು, ದುಡಿಮೆ, ಸಾಲ ಎಲ್ಲ ಒಟ್ಟಿಗೆ ತಲೆ ಮೇಲೆ ಬಿದ್ದು ದೇಹ ಕೈಕೊಟ್ಟಿತು. ಅಲ್ಲಲ್ಲೇ, ಸಿಕ್ಕ ಸೋಫಾ ಮೇಲೆ ಮಲಗೋಕೆ ಶುರು ಮಾಡಿದರು. ಅದೇ ಹೊತ್ತಿಗೆ ಹತ್ತಿ ತೋಟಗಳಲ್ಲಿ ಗುಲಾಮರಾಗಿ ದುಡಿದವರ ಹಳೆಯ ದಾಖಲೆಗಳನ್ನೂ ಓದುತ್ತಿದ್ದರು. ಎರಡೂ ಅವರೊಳಗೆ ಕೂಡಿಕೊಂಡವು. 2016ರಲ್ಲಿ 'ದಿ ನ್ಯಾಪ್ ಮಿನಿಸ್ಟ್ರಿ' ಹುಟ್ಟಿತು. ಚಾಪೆ, ದಿಂಬು, ಹೊದಿಕೆ ಹಾಸಿ, ಜನರನ್ನು ಕರೆದು, ಒಟ್ಟಿಗೆ ಮಲಗಿಸುವುದು ಅದರ ಕೆಲಸ. ತಮ್ಮನ್ನು ತಾವು 'ನ್ಯಾಪ್ ಬಿಷಪ್' ಅಂತ ಕರೆದುಕೊಳ್ಳುತ್ತಾರೆ. ಪುಸ್ತಕ ಬಂದದ್ದು 2022ರಲ್ಲಿ.

ಅವರ ವಾದ ಇಷ್ಟು: ಗುಲಾಮಗಿರಿ ಮನುಷ್ಯನ ದೇಹವನ್ನು ಯಂತ್ರದ ಲೆಕ್ಕದಲ್ಲಿ ನೋಡಿತು. ಹೊತ್ತು ಗೊತ್ತಿಲ್ಲದೆ ದುಡಿಯುವುದನ್ನೇ ದೊಡ್ಡಸ್ತಿಕೆ ಅಂತ ನಂಬಿಸುವ ಇವತ್ತಿನ ಸಂಸ್ಕೃತಿ ಅದರದೇ ಮೊಮ್ಮಗ. ಹಾಗಾಗಿ ಆ ದೇಹವನ್ನು ನಿಲ್ಲಿಸುವುದು, ಮಲಗಿಸುವುದು, ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂರಿಸುವುದು ಆ ಲೆಕ್ಕವನ್ನು ಒಪ್ಪಲ್ಲ ಅಂತ ಹೇಳುವ ದಾರಿ.

ಈ ವಾದಕ್ಕಿಂತ ನನ್ನನ್ನು ಹಿಡಿದದ್ದು ಅವರ ಮನೆಯವರ ಕತೆಗಳು. ಅವರಪ್ಪ ರೈಲ್ವೆ ಯಾರ್ಡಿನಲ್ಲಿ ದುಡಿಯುತ್ತಿದ್ದವರು, ಚರ್ಚಿನ ಕೆಲಸವನ್ನೂ ಹಚ್ಚಿಕೊಂಡವರು. ಡ್ಯೂಟಿಗೆ ಹೊರಡೋಕೆ ಎಷ್ಟೋ ಹೊತ್ತಿಗೆ ಮುಂಚೆ, ನಸುಕಿಗೇ ಎದ್ದು, ಅಡುಗೆಮನೆ ಮೇಜಿನ ಮುಂದೆ ಕೂರುತ್ತಿದ್ದರಂತೆ. ದಿನದಲ್ಲಿ ತನಗೆ ಅಂತ ಇದ್ದ ಹೊತ್ತು ಅದೊಂದೇ, ಅದಕ್ಕೆ ನಿದ್ದೆಯಿಂದಲೇ ಕಡ ತರಬೇಕು. ಆತ ವಯಸ್ಸಾಗುವ ಮುಂಚೆಯೇ ತೀರಿಕೊಂಡರು. ಅಜ್ಜಿ ಓರಾ ಮಿಸಿಸಿಪ್ಪಿಯ ಹಿಂಸೆಯಿಂದ ತಪ್ಪಿಸಿಕೊಂಡು ಶಿಕಾಗೋಗೆ ಬಂದವರು. ಅಷ್ಟು ಮಕ್ಕಳು ಮರಿ ಇದ್ದ ಮನೆಯಲ್ಲಿ ದಿನಾ ಅರ್ಧ ಗಂಟೆಯಿಂದ ಒಂದು ಗಂಟೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಮೊಮ್ಮಕ್ಕಳು ನಿದ್ದೆ ಅಂದುಕೊಂಡರೆ ಇಲ್ಲ ಅನ್ನೋರು. ಏನನ್ನೋ ಕೇಳಿಸಿಕೊಳ್ಳೋಕೆ ಕೂತಿದ್ದಾರೆ ಅನ್ನೋದು ಅವರ ವಿವರಣೆ.

ಇದನ್ನು ಓದುವಾಗ ನಮ್ಮಜ್ಜಿ ನೆನಪಾಗದೆ ಇರೋಕೆ ಸಾಧ್ಯವೇ ಇರಲಿಲ್ಲ. ಮಧ್ಯಾಹ್ನ ಎಲ್ಲರದ್ದೂ ಊಟ ಆಗಿ, ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ಜಗಲಿಗೆ ಬಂದು ಕಂಬಕ್ಕೊರಗಿ ಕಾಲು ಚಾಚೋರು. ಎಲೆಯಡಿಕೆ ಚೀಲ ಬಿಚ್ಚಿ, ಎಲೆಯ ತೊಟ್ಟು ಮುರಿದು, ಸೀರೆಗೆ ಒರೆಸಿ, ಸುಣ್ಣ ಹಚ್ಚಿ, ಅದೊಂದು ಅವಸರವೇ ಇಲ್ಲದ ಕೆಲಸ. ಆ ಹೊತ್ತಲ್ಲಿ ಯಾರು ಕೂಗಿದರೂ ತಿರುಗುತ್ತಿರಲಿಲ್ಲ. ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದ ತಾತ ಕೂಡ ನೀರು ಬೇಕಾದರೆ ತಾನೇ ಎದ್ದು ಹೋಗಿ ಕುಡಿಯೋರು. ಅಜ್ಜಿಗೆ ಓದು ಬರಹ ಗೊತ್ತಿರಲಿಲ್ಲ, ಹಕ್ಕು ಅನ್ನೋ ಮಾತನ್ನು ಅವರು ಎಂದಾದರೂ ಆಡಿದ್ದರಾ ಅನ್ನೋದೂ ಅನುಮಾನ. ಆ ಮುಕ್ಕಾಲು ಗಂಟೆಯನ್ನು ಅವರು ಮದುವೆಯಾಗಿ ಎಷ್ಟನೇ ವರ್ಷಕ್ಕೆ, ಯಾವ ಜಗಳ ಆಡಿ ಗಳಿಸಿಕೊಂಡರೋ. ನಾನು ಕೇಳಲಿಲ್ಲ. ನಮಗೆ ಗೊತ್ತಾಗುವ ಹೊತ್ತಿಗೆ ಅದು ಮನೆಯ ಕಾನೂನಾಗಿಬಿಟ್ಟಿತ್ತು.

ಪುಸ್ತಕದ ಇನ್ನೊಂದು ಗಟ್ಟಿ ಮಾತು ನಮ್ಮ ಉದ್ಯೋಗಕ್ಕೆ ನೇರವಾಗಿ ತಾಗುವಂಥದ್ದು. ಚೆನ್ನಾಗಿ ಕೆಲಸ ಮಾಡಲಿಕ್ಕಾಗಿ ವಿಶ್ರಾಂತಿ ತಗೊಳ್ಳಿ ಅನ್ನೋ ಉಪದೇಶವನ್ನು ಹರ್ಸಿ ಒಪ್ಪುವುದಿಲ್ಲ. ನಾವು ಬಳಸುವ ಮಾತನ್ನೇ ನೋಡಿ: 'ಎರಡು ದಿನ ಊರಿಗೆ ಹೋಗಿ ರೀಚಾರ್ಜ್ ಆಗಿ ಬರ್ತೀನಿ.' ಅಂದರೆ ಊರು ಅನ್ನೋದು ಪ್ಲಗ್ ಪಾಯಿಂಟು, ಅಮ್ಮ ಮಾಡಿದ ಮುದ್ದೆ ಬಸ್ಸಾರು ಕರೆಂಟು, ನಾನು ಸೋಮವಾರದ ಸ್ಟ್ಯಾಂಡಪ್‌ಗೆ ನೂರು ಪರ್ಸೆಂಟ್ ತೋರಿಸಬೇಕಾದ ಬ್ಯಾಟರಿ. ವೆಲ್‌ನೆಸ್ ವೀಕ್‌ನ ತರ್ಕವೂ ಇದೇ. ಸುಸ್ತಾದ ನೌಕರ ತಪ್ಪು ಮಾಡ್ತಾನೆ, ತಪ್ಪಿನಿಂದ ನಷ್ಟ, ಆದ್ದರಿಂದ ನಿದ್ದೆ ಮಾಡಿ. ನಿದ್ದೆಗೂ ಒಂದು ಆರ್‌ಒಐ. ದೇಹಕ್ಕೆ ದಣಿವಾದರೆ ಮಲಗುವುದಕ್ಕೆ ಆ ಕಾರಣ ಒಂದೇ ಸಾಕು, ಆಮೇಲೆ ಎದ್ದು ಏನು ಸಾಧಿಸುತ್ತೀ ಅಂತ ಯಾರೂ ಕೇಳಬಾರದು ಅಂತ ಹರ್ಸಿ ಹಟ ಹಿಡಿಯುವ ಜಾಗಗಳಲ್ಲಿ ಪುಸ್ತಕ ಬೆಳಗುತ್ತದೆ.

ದೂರುಗಳೂ ಇವೆ. ಒಂದು ಚಿಕ್ಕದು: ಪುಸ್ತಕ ಹೇಳಿದ್ದನ್ನೇ ಹೇಳುತ್ತದೆ. ಮೊದಲ ಭಾಗದಲ್ಲಿ ಬಂದ ಮಾತು ಎರಡನೆಯದರಲ್ಲಿ, ಮೂರನೆಯದರಲ್ಲಿ ಸ್ವಲ್ಪ ಅಂಗಿ ಬದಲಿಸಿ ಮತ್ತೆ ಬರುತ್ತದೆ. ಅವರು ಪ್ರವಚನದ ಪರಂಪರೆಯಿಂದ ಬಂದವರು. ಕಪ್ಪು ಜನರ ಚರ್ಚಿನಲ್ಲಿ ಪ್ರಸಂಗಿ ಒಂದು ಮಾತನ್ನು ಮೂರು ಸಲ ಹೇಳಿದರೆ ಸಭೆ ಮೂರು ಸಲ ಓಗೊಡುತ್ತದೆ, ಪ್ರತಿ ಸಲ ಕಾವು ಏರುತ್ತದೆ. ಅಚ್ಚಾದ ಪುಟಕ್ಕೆ ಓಗೊಡುವವರಿಲ್ಲ. ಹರಿಕಥೆಯನ್ನು ಬರೆದಿಟ್ಟುಕೊಂಡು ಮನೆಯಲ್ಲಿ ಒಬ್ಬರೇ ಓದಿದ ಹಾಗೆ. ಆಡಿಯೋದಲ್ಲಿ ಕೇಳಿದರೆ ಪರವಾಗಿಲ್ಲವೇನೋ.

ದೊಡ್ಡ ದೂರು ಬೇರೆ. ಹರ್ಸಿ ಕರೆಯುವ ಪೂರ್ವಿಕರೆಲ್ಲ ಸರಿಯಾದವರೇ. ಆದರೆ ಆ ಪೂರ್ವಿಕರು ಮಾಡಿದ್ದಕ್ಕಿಂತ ಚಿಕ್ಕದನ್ನು ನಮ್ಮ ಕೈಗೆ ಕೊಡುತ್ತಾರೆ. ಹ್ಯಾರಿಯೆಟ್ ಟಬ್ಮನ್ ಅವರನ್ನೇ ತಗೊಳ್ಳಿ. ಮೇಸ್ತ್ರಿಯೊಬ್ಬ ಇನ್ಯಾರಿಗೋ ಬೀಸಿದ ಕಬ್ಬಿಣದ ತೂಕದ ಕಲ್ಲು ತಲೆಗೆ ಬಿದ್ದು, ಜೀವನಪೂರ್ತಿ ಎಲ್ಲೆಂದರಲ್ಲಿ ನಿದ್ದೆ ಆವರಿಸುತ್ತಿತ್ತು ಆಕೆಗೆ, ಆ ಮಂಪರಿನಲ್ಲಿ ದರ್ಶನಗಳಾಗುತ್ತಿದ್ದವು. ಕನಸಿನ ಲೋಕದಿಂದ ಬಿಡುಗಡೆ ಬರುತ್ತದೆ ಅನ್ನೋರಿಗೆ ಟಬ್ಮನ್ ಸಹಜವಾಗಿ ಪ್ರಿಯ. ಆದರೆ ಆಕೆಗೆ ನಿದ್ದೆ ಬಂದದ್ದು ಏಟಿನಿಂದ. ಸುಮಾರು 70 ಜನರನ್ನು ಗುಲಾಮಗಿರಿಯಿಂದ ಬಿಡಿಸಿ ತಂದದ್ದು ರಾತ್ರಿಯೆಲ್ಲ ನಿದ್ದೆಗೆಟ್ಟು ನಡೆದು.

ವಿಶ್ರಾಂತಿಯ ಬಗ್ಗೆ ಗುಲಾಮಗಿರಿಯೊಳಗಿಂದಲೇ ಬಂದ ಒಂದು ಕಹಿ ಸಾಕ್ಷ್ಯ ಇದೆ. ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ರಜೆಗಳ ಬಗ್ಗೆ ಕೆಲವು ಪುಟಗಳಿವೆ. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ ಗುಲಾಮರಿಗೆ ಕೆಲಸ ಇರುತ್ತಿರಲಿಲ್ಲ. ಕೆಲವರು ಆ ದಿನಗಳಲ್ಲಿ ಪೊರಕೆ, ಚಾಪೆ, ಬುಟ್ಟಿ ಮಾಡಿಕೊಳ್ಳುತ್ತಿದ್ದರು, ಕೆಲವರು ಬೇಟೆಗೆ ಹೋಗುತ್ತಿದ್ದರು. ಒಡೆಯರಿಗೆ ಇಷ್ಟವಾಗುತ್ತಿದ್ದದ್ದು ಮಾತ್ರ ಕುಡಿದು ಕುಣಿಯುವವರು. ಯಾರು ಹೆಚ್ಚು ವಿಸ್ಕಿ ಕುಡಿದೂ ತೂರಾಡದೆ ಇರುತ್ತಾನೆ ಅಂತ ಪಂದ್ಯ ಕಟ್ಟಿ ಕುಡಿಸುತ್ತಿದ್ದರು. ವಾರ ಮುಗಿಯುವ ಹೊತ್ತಿಗೆ ಸ್ವಾತಂತ್ರ್ಯ ಅಂದರೆ ಇಷ್ಟೇ ಅನ್ನೋ ಹೇಸಿಗೆ ಹುಟ್ಟಿ, ಜನ ಹೊಲಕ್ಕೆ ಮರಳುವುದೇ ವಾಸಿ ಅಂದುಕೊಳ್ಳುತ್ತಿದ್ದರು. ದಂಗೆ ಏಳದಂತೆ ತಡೆಯೋಕೆ ಒಡೆಯರ ಕೈಯಲ್ಲಿದ್ದ ಅತ್ಯಂತ ಪರಿಣಾಮಕಾರಿ ಉಪಾಯಗಳಲ್ಲಿ ಈ ರಜೆಗಳೂ ಒಂದು ಅನ್ನೋದು ಡಗ್ಲಸ್ ತೀರ್ಮಾನ. ಕುಕ್ಕರಿಗೆ ವಿಷಲ್ ಇರುವ ಹಾಗೆ.

ಗುಲಾಮರ ಬದುಕಿನ ಪಕ್ಕ ನಮ್ಮ ಏಸಿ ಕೆಲಸವನ್ನು ಇಟ್ಟು ನೋಡೋದು ಅಸಹ್ಯ, ಅದು ನನಗೆ ಗೊತ್ತು. ನಾವು ರಾಜೀನಾಮೆ ಬಿಸಾಕಿ ಇನ್ನೊಂದು ಕಡೆ ಮೂವತ್ತು ಪರ್ಸೆಂಟ್ ಹೈಕ್ ತಗೊಳ್ಳೋರು. ಆದರೂ ಡಗ್ಲಸ್ ಓದುವಾಗ ನಂದಿ ಬೆಟ್ಟದ ಕೆಳಗಿನ ರೆಸಾರ್ಟುಗಳು, ರಿಲೀಸ್ ಮುಗಿದ ಮೇಲೆ ಬಸ್ ತುಂಬಿಸಿ ಕರಕೊಂಡು ಹೋಗುವ ಟೀಮ್ ಔಟಿಂಗ್, ಅಲ್ಲಿನ ಲೆಕ್ಕವಿಲ್ಲದ ಬಿಯರು ಕಣ್ಣ ಮುಂದೆ ಬಂದದ್ದು ಸುಳ್ಳಲ್ಲ. ಯಾವಾಗ ನಿಲ್ಲಿಸಬೇಕು, ಎಷ್ಟು ಹೊತ್ತು, ನಿಂತಾಗ ಏನು ಮಾಡಬೇಕು ಅನ್ನೋದನ್ನ ಕೆಲಸ ಕೊಡುವವನೇ ಗೊತ್ತುಮಾಡಿದರೆ ಆ ಬಿಡುವು ಕೆಲಸದ್ದೇ ಇನ್ನೊಂದು ಶಿಫ್ಟು. ಎಚ್‌ಆರ್ ಪಟ್ಟಿಯ ಗುಟ್ಟು ನನಗೆ ಹೊಳೆದದ್ದು ಇಲ್ಲಿ. ಬಸ್ಸಿನಲ್ಲಿ ಹಗಲುಗನಸು ಕಾಣಿ, ಸ್ನಾನ ನಿಧಾನಕ್ಕೆ ಮಾಡಿ, ಮೆಸೇಜಿಗೆ ತಕ್ಷಣ ಉತ್ತರಿಸಬೇಡಿ ಅಂತ ಹರ್ಸಿ ಹೇಳುವ ಹತ್ತಾರು ಚಿಕ್ಕ ದಾರಿಗಳಿಂದ ಕಂಪನಿಗೆ ಒಂದು ರೂಪಾಯಿಯೂ ನಷ್ಟ ಇಲ್ಲ. ಬಂಡವಾಳಶಾಹಿಗೆ ಎಷ್ಟು ಬೈದರೂ ಸರಿ, ರಿಲೀಸ್ ದಿನಾಂಕ ಮುಂದಕ್ಕೆ ಹೋಗದಿದ್ದರೆ ಸಾಕು.

ಹರ್ಸಿ ತಮ್ಮ ಕೆಲಸ ಕಟ್ಟಿದ ಅದೇ ಅಟ್ಲಾಂಟಾ ಊರಿನಲ್ಲಿ ಇನ್ನೊಂದು ಕತೆ ನಡೆದಿತ್ತು. ಇತಿಹಾಸಕಾರ್ತಿ ಟೆರಾ ಹಂಟರ್ 1997ರಲ್ಲಿ ತಂದ 'ಟು ಜಾಯ್ ಮೈ ಫ್ರೀಡಂ' ಪುಸ್ತಕದಲ್ಲಿ ಅದು ವಿವರವಾಗಿದೆ. ನನ್ನನ್ನು ಕೇಳಿದರೆ ಎರಡೂ ಪುಸ್ತಕವನ್ನು ಒಟ್ಟಿಗೆ ಓದಬೇಕು.

ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಅಟ್ಲಾಂಟಾದ ಕಪ್ಪು ಹೆಂಗಸರಲ್ಲಿ ಬಹಳಷ್ಟು ಜನ ಬಿಳಿಯರ ಮನೆ ಬಟ್ಟೆ ಒಗೆಯುವ ಕೆಲಸ ಹಿಡಿದರು. ಸೋಮವಾರ ಮನೆ ಮನೆಯಿಂದ ಬಟ್ಟೆ ಹೊತ್ತು ತರೋದು, ಶನಿವಾರ ಇಸ್ತ್ರಿ ಮಾಡಿ ಮರಳಿಸೋದು. ನೀರು ಬಾವಿಯಿಂದ ಸೇದಬೇಕು. ಸೋಪು, ಗಂಜಿ ತಾವೇ ಕಾಯಿಸಿ ಮಾಡಬೇಕು. ಬಿಯರ್ ಪೀಪಾಯಿಯನ್ನು ಅರ್ಧಕ್ಕೆ ಕೊಯ್ದರೆ ಅದೇ ತೊಟ್ಟಿ. ಇಷ್ಟಕ್ಕೆ ತಿಂಗಳಿಗೆ 4ರಿಂದ 8 ಡಾಲರ್. ಆದರೂ ಅಡುಗೆ ಕೆಲಸಕ್ಕಿಂತ, ಆಯಾ ಕೆಲಸಕ್ಕಿಂತ ಇದನ್ನೇ ಇಷ್ಟಪಡುತ್ತಿದ್ದರು. ಯಾಕೆ ಅಂದರೆ ಇದನ್ನು ತಮ್ಮ ಹಟ್ಟಿಯ ಮುಂದೆ, ಅಕ್ಕಪಕ್ಕದವರ ಜೊತೆ ಮಾತಾಡುತ್ತ, ಕೂಸನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡು ಮಾಡಬಹುದಿತ್ತು. ತಲೆ ಮೇಲೆ ನಿಂತು ನೋಡುವ ಅಮ್ಮಾವ್ರು ಇರುತ್ತಿರಲಿಲ್ಲ. ವರ್ಕ್ ಫ್ರಮ್ ಹೋಮ್‌ಗಾಗಿ ಜಗಳ ಆಡಿದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

1881ರ ಜುಲೈನಲ್ಲಿ ಸುಮಾರು ಇಪ್ಪತ್ತು ಹೆಂಗಸರು ಸೇರಿ ಒಂದು ಸಂಘ ಕಟ್ಟಿ, ಹನ್ನೆರಡು ಪೌಂಡ್ ಬಟ್ಟೆಗೆ ಒಂದು ಡಾಲರ್ ಎಂದು ಎಲ್ಲೆಡೆ ಒಂದೇ ದರ ಬೇಕು ಅಂದರು. ಚರ್ಚುಗಳಲ್ಲಿ ಸಭೆ ಮಾಡಿದರು, ಮನೆ ಮನೆಗೆ ಹೋಗಿ ಸೇರಿಸಿಕೊಂಡರು. ಮೂರು ವಾರದಲ್ಲಿ ಮೂರು ಸಾವಿರ ಜನ ಮುಷ್ಕರಕ್ಕೆ ಇಳಿದಿದ್ದರು, ಅವರ ಜೊತೆ ಕೆಲವರು ಬಿಳಿಯ ಹೆಂಗಸರೂ ಇದ್ದರು. ನೆನೆಸಿಟ್ಟ ಬಟ್ಟೆಯನ್ನು ಒದ್ದೆಯಾಗಿಯೇ ವಾಪಸು ಕೊಟ್ಟದ್ದೂ ಉಂಟು. ಹಲವರನ್ನು ಬಂಧಿಸಿ ದಂಡ ಹಾಕಿದರು. ಸಂಘದವರು ವರ್ಷಕ್ಕೆ 25 ಡಾಲರ್ ಲೈಸೆನ್ಸ್ ಶುಲ್ಕ ಕಟ್ಟಬೇಕು ಅನ್ನೋ ಪ್ರಸ್ತಾವ ನಗರಸಭೆಯಲ್ಲಿ ಬಂತು. ತಿಂಗಳಿಗೆ 4 ಡಾಲರ್ ಕಾಣುವವರಿಗೆ! ಅವರು ಹೆದರಲಿಲ್ಲ. ಶುಲ್ಕ ಕಟ್ಟುತ್ತೇವೆ, ಹಾಗಾದರೆ ಈ ಊರಿನ ಬಟ್ಟೆ ಒಗೆಯುವ ಕೆಲಸದ ಪೂರ್ತಿ ಅಧಿಕಾರ ನಮಗೇ ಇರಲಿ, ದರ ನಾವೇ ಹೇಳುತ್ತೇವೆ ಅಂತ ಮೇಯರ್‌ಗೆ ಕಾಗದ ಬರೆದರು. ನಗರಸಭೆ ಕೊನೆಗೆ ಆ ಶುಲ್ಕವನ್ನು ಕೈಬಿಟ್ಟಿತು. ಅಡುಗೆಯವರು, ಆಯಾಗಳು, ಹೋಟೆಲ್ ಕೆಲಸದವರೂ ಬಾಯಿ ಬಿಟ್ಟು ಕೇಳೋಕೆ ಕಲಿತರು. ಎಲ್ಲರ ಕೂಲಿ ಏರಿತು, ಸುಖಾಂತ್ಯವಾಯಿತು ಅಂತ ಹೇಳುವ ಕತೆ ಇದಲ್ಲ.

ಹಂಟರ್ ಮುಷ್ಕರಕ್ಕೇ ನಿಲ್ಲುವುದಿಲ್ಲ. ಅದೇ ಹೆಂಗಸರು ಹೇಳದೆ ಕೇಳದೆ ಕೆಲಸ ಬಿಟ್ಟು ಕೆಲವು ದಿನ ಮನೆಯಲ್ಲಿ ಉಳಿಯುತ್ತಿದ್ದದ್ದು, ಊರಲ್ಲೊಂದು ಉತ್ಸವ ಬಂದರೆ ಅಡುಗೆಮನೆ ಕಡೆ ತಲೆ ಹಾಕದೆ ಇರುತ್ತಿದ್ದದ್ದು, ಡೆಕಾಟರ್ ಬೀದಿಯ ಕುಣಿತದ ಮನೆಗಳಲ್ಲಿ ರಾತ್ರಿ ಕಳೆಯುತ್ತಿದ್ದದ್ದು ಎಲ್ಲವನ್ನೂ ಬರೆಯುತ್ತಾರೆ. ರಾತ್ರಿಯೆಲ್ಲ ಕುಣಿದು ಬೆಳಿಗ್ಗೆ ನಮ್ಮ ಕೆಲಸಕ್ಕೆ ಸುಸ್ತಾಗಿ ಬರುತ್ತಾರೆ ಅನ್ನೋದು ಯಜಮಾನರ ಗೋಳು. ದೇಹದ ಶಕ್ತಿ ಯಾರ ಸ್ವತ್ತು ಅನ್ನೋ ಜಗಳ ಇದು. ಹರ್ಸಿ ಕೇಳುವ ಪ್ರಶ್ನೆಯೂ ಇದೇ ತಾನೇ? ಹಂಟರ್ ಅವರ ಪುಸ್ತಕದಲ್ಲಿ ಆ ಪ್ರಶ್ನೆಗೆ ದರ ಇದೆ, ಸಭೆ ಇದೆ, ಜೈಲು ಇದೆ. ಒಗೆಯದೆ ಬಿದ್ದ ಬಟ್ಟೆಯ ರಾಶಿ ಯಜಮಾನರ ಮನೆಯಲ್ಲಿ ನಾರುವುದು ಇದೆ. ಹರ್ಸಿಯ ಪುಸ್ತಕದಲ್ಲಿ ಭಾರವೆಲ್ಲ ಒಬ್ಬೊಬ್ಬರ ದೇಹ, ಒಬ್ಬೊಬ್ಬರ ಕನಸಿನ ಮೇಲೆ. ಸಮುದಾಯದ ಮಾತು ಆಗಾಗ ಬರುತ್ತದೆ, ಯಾರೂ ಒಂಟಿಯಾಗಿ ಬಿಡುಗಡೆ ಆಗಲ್ಲ ಅಂತಲೂ ಹೇಳುತ್ತಾರೆ. ಆದರೆ ಎಲ್ಲರೂ ಒಟ್ಟಿಗೆ ಕೆಲಸ ನಿಲ್ಲಿಸಿದರೆ ಏನಾಗುತ್ತದೆ, ಏನು ತೆರಬೇಕಾಗುತ್ತದೆ ಅನ್ನೋದರ ಹತ್ತಿರ ಬಂದು ಪಕ್ಕಕ್ಕೆ ಸರಿದುಬಿಡುತ್ತಾರೆ.

ಹೀಗೆ ಬರೆಯೋಕೆ ನನಗೆ ಯಾವ ಯೋಗ್ಯತೆ ಇದೆ ಅನ್ನೋದನ್ನೂ ಹೇಳಿಬಿಡಬೇಕು. 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ಮೀಮ್ ಹಾಕಿ ನಕ್ಕವರಲ್ಲಿ ನಾನೂ ಒಬ್ಬ. 2024ರ ಜುಲೈನಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆವರೆಗೂ ಕೆಲಸ ಮಾಡಿಸಲು ದಾರಿ ತೆರೆಯುವ ಪ್ರಸ್ತಾವ ನಮ್ಮ ರಾಜ್ಯ ಸರ್ಕಾರದ ಮುಂದೆ ಬಂದಾಗಲೂ ಅಷ್ಟೇ, ಕೋಪದ ನಾಲ್ಕು ಸಾಲು ಬರೆದೆ, ಲೈಕು ಬಂದವು. ಆಗಸ್ಟ್‌ನಲ್ಲಿ ಐಟಿ ನೌಕರರ ಸಂಘ ಕೆಐಟಿಯು ಫ್ರೀಡಂ ಪಾರ್ಕಿನಲ್ಲಿ ಪ್ರತಿಭಟನೆ ಕರೆದಿತ್ತು. ಅವತ್ತು ಶನಿವಾರ. ಹಿಂದಿನ ವಾರ ಪೂರ್ತಿ ಆನ್‌ಕಾಲ್ ಡ್ಯೂಟಿ ಮಾಡಿದ್ದೆ. ಹೋಗಬೇಕು ಅಂತ ಅಲಾರಂ ಇಟ್ಟಿದ್ದೆ, ಆಫ್ ಮಾಡಿ ಮಲಗಿದೆ. ಸಂಜೆ ಎದ್ದು ಫೋಟೋ ನೋಡಿದೆ. ಆ ಪ್ರಸ್ತಾವ ಆಗ ಮುಂದೆ ಹೋಗಲಿಲ್ಲ. ಮರುವರ್ಷ ಜೂನ್‌ನಲ್ಲಿ ದಿನಕ್ಕೆ 10 ಗಂಟೆಯ ಇನ್ನೊಂದು ಪ್ರಸ್ತಾವ ಬಂತು. ಅವತ್ತು ನಾನು ಮಲಗಿದ್ದನ್ನು ಹರ್ಸಿ ಲೆಕ್ಕದಲ್ಲಿ ಪ್ರತಿರೋಧ ಅನ್ನಬೇಕು. ದೇಹ ಕೇಳಿತ್ತು, ಕೊಟ್ಟೆ. ಹಾಗೆ ಅನ್ನೋಕೆ ನನಗೆ ಬಾಯಿ ಬರುತ್ತಿಲ್ಲ.

ಪುಸ್ತಕ ಮುಗಿಸಿದ ಮೇಲೆ ತಲೆಯಲ್ಲಿ ತಿರುಗಿದ್ದು ನಮ್ಮೂರಿನ ಸೋಮವಾರ. ಹಳೇ ಮೈಸೂರಿನ ಎಷ್ಟೋ ಊರುಗಳ ಹಾಗೆ ನಮ್ಮೂರಲ್ಲೂ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಬಸವಣ್ಣನ ವಾರ. ಮುಂಗಾರು ಹದ ತಪ್ಪಿಹೋಗುತ್ತಿದ್ದರೂ ಸರಿ, ಬಿತ್ತನೆ ಒಂದು ದಿನ ತಡವಾದರೂ ಸರಿ, ನೊಗ ಮೇಲೇರುವಂತಿಲ್ಲ. ಯಾವನಾದರೂ ಕದ್ದು ಹೂಡಿದರೆ ಸಂಜೆ ಅರಳಿಕಟ್ಟೆ ಹತ್ತಿರ ಅವನ ಮಾನ ಹರಾಜು. (ಸೋಮಾರಕ್ಕೂ ಸೋಮಾರಿಗೂ ನಂಟಿದೆ ಅಂತ ಹೈಸ್ಕೂಲಲ್ಲಿ ಜೋಕ್ ಮಾಡ್ತಿದ್ವಿ. ಭಾಷಾಶಾಸ್ತ್ರಜ್ಞರು ಕ್ಷಮಿಸಬೇಕು.) ಎತ್ತಿಗೆ ದಣಿವಾಗಿದೆಯೋ ಇಲ್ಲವೋ ಅಂತ ಯಾರೂ ನೋಡುತ್ತಿರಲಿಲ್ಲ. ಹಿಂದಿನ ಮೂರು ದಿನ ಮಳೆಗೆ ಕೊಟ್ಟಿಗೆಯಲ್ಲೇ ನಿಂತಿದ್ದರೂ ಸೋಮವಾರ ಸೋಮವಾರವೇ. ಪಕ್ಕದ ಹೊಲದವನು ಉತ್ತು ಮುಂದೆ ಹೋಗಿಬಿಡ್ತಾನೆ ಅನ್ನೋ ಭಯವೂ ಇರಲಿಲ್ಲ, ಅವನೂ ಹೂಡುವಂತಿಲ್ಲವಲ್ಲ. ರಜೆ ಹಾಕಿದರೆ ಅಪ್ರೈಸಲ್‌ನಲ್ಲಿ ಪಕ್ಕದವನು ಮುಂದೆ ಹೋಗ್ತಾನೆ ಅನ್ನೋ ನಮ್ಮ ಹೆದರಿಕೆಗೆ ಊರಿನವರು ಎಂದೋ ಮದ್ದು ಕಂಡುಕೊಂಡಿದ್ದರು.

ಇಷ್ಟಕ್ಕೇ ನಿಲ್ಲಿಸಿದರೆ ಊರಿನ ಬಗ್ಗೆ ಚೆಂದದ ಚಿತ್ರ ಬರೆದ ಹಾಗಾಗುತ್ತದೆ. ಪೂರ್ತಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ಒಬ್ಬರು ವರ್ಷದ ಸಂಬಳಕ್ಕೆ ಇದ್ದರು, ಯುಗಾದಿಯಿಂದ ಯುಗಾದಿಗೆ ಲೆಕ್ಕ. ಜೀತ ಪದ್ಧತಿ 1976ರ ಕಾನೂನಿನಲ್ಲೇ ರದ್ದಾಗಿತ್ತು, ಆದ್ದರಿಂದ ಯಾರೂ ಜೀತ ಅನ್ನುತ್ತಿರಲಿಲ್ಲ. ಹಿಂದಿನ ಸಾಲ ಮುಂದಿನ ವರ್ಷಕ್ಕೆ ಹೋಗುತ್ತಿತ್ತು ಅನ್ನೋದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಅಪ್ಪನ ವಯಸ್ಸಿನವರು. ನಾವು ಮಕ್ಕಳೆಲ್ಲ ಹೆಸರು ಹಿಡಿದು, ಏಕವಚನದಲ್ಲಿ ಕೂಗುತ್ತಿದ್ದೆವು. ಈಗ ಟೈಪ್ ಮಾಡುವಾಗ 'ಅವರು' ಅಂತ ಬೆರಳಿಗೆ ಸುಲಭವಾಗಿ ಬರುತ್ತದೆ. ಆಗ ಬರಲಿಲ್ಲ.

ಸೋಮವಾರ ಎತ್ತಿಗೆ ರಜೆ ಅಂದೆನಲ್ಲ. ಆ ದಿನ ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ಉಜ್ಜಿ ತೊಳೆಯಬೇಕು, ಕೊಟ್ಟಿಗೆ ಬಳಿದು ಗಂಜಲ ಎತ್ತಿ ಒಣಹುಲ್ಲು ಹರಡಬೇಕು, ಕೊಂಬಿಗೆ ಎಣ್ಣೆ ಹಚ್ಚಬೇಕು, ತಿಪ್ಪೆಗೆ ಗೊಬ್ಬರ ಹೊರಬೇಕು. ಉಳುಮೆ ದಿನಗಳಲ್ಲಾದರೂ ನೇಗಿಲು ಬಿಟ್ಟ ಮೇಲೆ ಮರದ ಕೆಳಗೆ ಒಂದು ಬೀಡಿ ಸೇದಲು ಬಿಡುವಾಗುತ್ತಿತ್ತು ಅವರಿಗೆ. ಸೋಮವಾರ ಅದೂ ಇಲ್ಲ. ಎತ್ತಿನ ವಿಶ್ರಾಂತಿ ಅನ್ನೋದು ಅವರ ಕೆಲಸದ ಹೆಸರಾಗಿತ್ತು. ಕೆರೆಯಲ್ಲಿ ಎತ್ತಿನ ಮೇಲೆ ಕೂತು ನಾನು ಈಜಾಡಿದ ನೆನಪು ಎಷ್ಟು ಹಿತವೋ, ಅದೇ ನೆನಪಿನ ಅಂಚಿನಲ್ಲಿ ಸೊಂಟದ ಮಟ್ಟ ನೀರಲ್ಲಿ ನಿಂತು ತೆಂಗಿನ ನಾರಿನಿಂದ ಎತ್ತಿನ ಹೊಟ್ಟೆ ಉಜ್ಜುತ್ತಿದ್ದ ಅವರಿದ್ದಾರೆ. ನಮ್ಮಜ್ಜಿಯ ಜಗಲಿಯ ಮುಕ್ಕಾಲು ಗಂಟೆಯಲ್ಲಿ ಕೊಟ್ಟಿಗೆಯ ಕಡೆಯಿಂದ ಸಲಿಕೆಯ ಸದ್ದು ಬರುತ್ತಿತ್ತು ಅನ್ನೋದನ್ನೂ ಸೇರಿಸಬೇಕು.

ಹಾಗಾದರೆ ಆಳಿಗೆ ವಾರದ ರಜೆ ಅನ್ನೋದು ನಮ್ಮ ದೇಶಕ್ಕೆ ಬಂದದ್ದು ಎಲ್ಲಿಂದ? ಬ್ರಿಟಿಷರ ಚರ್ಚಿನಿಂದ ತಾನಾಗಿ ಬಂತು ಅಂದುಕೊಂಡಿದ್ದೆ. ಮುಂಬೈ ಗಿರಣಿಗಳಲ್ಲಿ ಭಾನುವಾರದ ರಜೆಗಾಗಿ 1884ರಿಂದ ಹೋರಾಡಿದವರು ನಾರಾಯಣ ಮೇಘಾಜಿ ಲೋಖಂಡೆ, ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಒಡನಾಡಿ. ಭಾನುವಾರ ಖಂಡೋಬನ ವಾರ ಅನ್ನೋ ವಾದವನ್ನೂ ಮುಂದಿಟ್ಟಿದ್ದರು. ಖಂಡೋಬ ಅಂದರೆ ನಮ್ಮ ಮೈಲಾರಲಿಂಗ. ಗಿರಣಿ ಮಾಲೀಕರು ಒಪ್ಪಿದ್ದು 1890ರ ಜೂನ್ 10ಕ್ಕೆ, ಸಾವಿರಾರು ಕಾರ್ಮಿಕರು ಒಟ್ಟಾಗಿ ಕೇಳಿದ ಮೇಲೆ. ದೇವರ ಹೆಸರಲ್ಲಿ ಎತ್ತಿಗೆ ಸಿಕ್ಕಿದ್ದನ್ನು ಲೋಖಂಡೆ ಅದೇ ಭಾಷೆಯಲ್ಲಿ ಮನುಷ್ಯರಿಗೆ ಕೇಳಿದರು. ಹರ್ಸಿ ಪುಸ್ತಕದಲ್ಲಿ ನಾನು ಹುಡುಕಿದ್ದು ಇಂಥ ಅಧ್ಯಾಯವನ್ನು.

ಆದರೂ ಪುಸ್ತಕ ನನ್ನನ್ನು ಸುಮ್ಮನೆ ಬಿಡಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಭಾನುವಾರ ಲ್ಯಾಪ್‌ಟಾಪ್ ಮುಚ್ಚಿಡೋದು ಅಂತ ತೀರ್ಮಾನ ಮಾಡಿದೆ, ಆನ್‌ಕಾಲ್ ಇಲ್ಲದ ವಾರಗಳಲ್ಲಿ ಪಾಲಿಸಿದೆ ಕೂಡ. ಎರಡನೇ ಭಾನುವಾರ ಬಾಲ್ಕನಿಯಲ್ಲಿ ಕಾಫಿ ಹಿಡಿದು ಕೂತಿದ್ದಾಗ ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳಿಸಿತು. ಸಲಿಕೆಯ ಸದ್ದು ನೆನಪಾಯಿತು. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ರಾಯಚೂರು ಕಡೆಯವರು, ಆರು ವರ್ಷದಿಂದ ಬರುತ್ತಿದ್ದಾರೆ. ಭಾನುವಾರ ಬರಬೇಡಿ ಅಂತ ಆರು ವರ್ಷದಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

'ಅಕ್ಕಾ, ಇನ್ಮೇಲೆ ಭಾನುವಾರ ಬರಬೇಡಿ. ರಜ ತಗೊಳ್ಳಿ' ಅಂದೆ.

'ಪಗಾರ ಹಿಡೀತೀರೇನ್ರಿ ಸರ?'

'ಇಲ್ಲ ಇಲ್ಲ, ಪೂರ್ತಿ ಕೊಡ್ತೀನಿ.'

ಅವರು ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ನಿಂತರು. ನಾನು ಥ್ಯಾಂಕ್ಸ್ ನಿರೀಕ್ಷಿಸುತ್ತಿದ್ದೆ ಅಂತ ಈಗ ಅನಿಸುತ್ತದೆ.

'ನಿಮ್ಮ ಮನಿ ಒಂದು ಬಿಟ್ರ ರಜಾ ಹೆಂಗ ಆಗ್ತದ್ರೀ? ಇದ ಬಿಲ್ಡಿಂಗಿನ್ಯಾಗ ಇನ್ನ ನಾಕ ಮನಿ ಅದಾವ. ಐತಾರ ಅವರ ಮನಿಗಿ ಮಂದಿ ಬರ್ತಾರ, ಭಾಂಡೆ ಜಾಸ್ತಿ. ಹೆಂಗೂ ಬಂದಿರ್ತೀನಿ, ನಿಮ್ದೂ ಮಾಡೇ ಹೋಗ್ತೀನಿ ಬಿಡ್ರಿ.' ಬಾಗಿಲ ಹತ್ತಿರ ಹೋದವರು ತಿರುಗಿ, 'ಬಿಡೂದಿದ್ರ ಎಲ್ಲಾರೂ ಒಂದ ದಿನ ಬಿಡ್ರಿ ಅಂತ ನಿಮ್ಮ ಗ್ರೂಪಿನ್ಯಾಗ ಹೇಳ್ರಿ' ಅಂದರು.

ಹೇಳಿದೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ, ಮನೆಗೆಲಸಕ್ಕೆ ಬರುವವರಿಗೆ ಎಲ್ಲ ಮನೆಗಳಿಂದಲೂ ವಾರಕ್ಕೊಂದು ದಿನ, ಒಂದೇ ದಿನ, ಸಂಬಳ ಹಿಡಿಯದೆ ರಜೆ ಕೊಡೋಣವಾ ಅಂತ ಬರೆದೆ. ಬರೆದು ಅಳಿಸಿ ಮತ್ತೆ ಬರೆಯೋಕೆ ಅರ್ಧ ಗಂಟೆ ಹಿಡಿಯಿತು, ಪ್ರೊಡಕ್ಷನ್ ಸರ್ವರ್ ಮುಟ್ಟುವಾಗಲೂ ಅಷ್ಟು ಅಳುಕಿರಲಿಲ್ಲ. ಎಂಟು ಜನ ಥಂಬ್ಸ್ ಅಪ್ ಹಾಕಿದರು. ಒಬ್ಬರು ಗೆಸ್ಟ್ ಬಂದರೆ ಏನು ಮಾಡೋದು ಅಂತ ಕೇಳಿದರು. ಇನ್ನೊಬ್ಬರು, ನಾವು ಐಟಿಯವರಿಗೇ ಭಾನುವಾರ ರಜ ಇಲ್ಲ, ಇವರಿಗೆ ಬೇಕಾ ಅಂತ ಕೇಳಿ ಒಂದು ನಗುಮುಖ ಹಾಕಿದರು. ಅಧ್ಯಕ್ಷರು ಈ ವಿಷಯವನ್ನು ಮುಂದಿನ ಮೀಟಿಂಗಿನ ಅಜೆಂಡಾಕ್ಕೆ ಸೇರಿಸಿದ್ದಾರೆ. ಮೀಟಿಂಗ್ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಕ್ಲಬ್‌ಹೌಸಿನಲ್ಲಿ. ಆ ದಿನ ಅಲ್ಲಿ ಕಸ ಗುಡಿಸಿ ಕುರ್ಚಿ ಹಾಕೋಕೆ ಅಕ್ಕನಿಗೇ ಹೇಳಿದ್ದಾರಂತೆ.